ಇಪ್ಪತ್ತಮೂರನೆಯ ಸ್ಲೈಡಿಗಾಗಿಯಾದರೂ ಕೊಳ್ಳಬೇಕಾದ ಪೆಟ್ಟಿಗೆ

ಪೆಟ್ಟಿಗೆ ಬಂದದ್ದು ಜೂನ್ ಕೊನೆಯ ವಾರದಲ್ಲಿ. ಹರಿಯಾಣದ ಅಂಬಾಲದಿಂದ ಹೊರಟು ಹನ್ನೊಂದು ದಿನಕ್ಕೆ ಬದಿಯಡ್ಕ ಮುಟ್ಟಿತ್ತು. ಕೊರಿಯರಿನವರು ಪೇಟೆಯಿಂದ ಆಚೆಗೆ ತರುವುದಿಲ್ಲವೆಂದು ಫೋನ್ ಮಾಡಿದ್ದರಿಂದ ಶಾಲೆ ಬಿಟ್ಟ ಮೇಲೆ ಬಸ್ಸಿನಲ್ಲಿ ಹೋಗಿ, ಸುರಿಯುವ ಮಳೆಯಲ್ಲಿ ಸೆರಗಿನೊಳಗೆ ಅವುಚಿಕೊಂಡು ಮನೆಗೆ ತಂದೆ. ಒಳಗಿರುವುದು ಸೂಕ್ಷ್ಮದರ್ಶಕದಲ್ಲಿ ನೋಡಲು ಸಿದ್ಧಮಾಡಿದ ಇಪ್ಪತ್ತೈದು ಗಾಜಿನ ಸ್ಲೈಡುಗಳು. ಬೆಲೆ 2,150 ರೂಪಾಯಿ, ಸಾಗಣೆಗೆ 140. ಶಾಲೆಯ ಹಣವಲ್ಲ, ನನ್ನದೇ.

ಕಾಸರಗೋಡಿನ ಗಡಿಭಾಗದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಲು ತೊಡಗಿ ನನಗೆ ಇಪ್ಪತ್ತೊಂದು ವರ್ಷವಾಯಿತು. ಕೋಶ ವಿಭಜನೆಯ ಪಾಠವನ್ನು ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಮುಗಿಸುತ್ತಿದ್ದೆ. ಹೆಚ್ಚೆಂದರೆ ಈರುಳ್ಳಿಯ ಬೇರನ್ನು ನೀರಿನಲ್ಲಿ ಬೆಳೆಸಿ, ತುದಿಯನ್ನು ಕತ್ತರಿಸಿ, ಬಣ್ಣ ಹಾಕಿ, ಗಾಜಿನಡಿಯಲ್ಲಿ ಒತ್ತಿ ತೋರಿಸುವುದು. ಹತ್ತು ಸಲ ಮಾಡಿದರೆ ಎರಡು ಸಲ ಸರಿಯಾಗಿ ಕಾಣುತ್ತದೆ. ಈ ವರ್ಷ ಹಾಗಾಗಬಾರದು ಎನ್ನಿಸಿತು. ಅದಕ್ಕೊಂದು ಕಾರಣವಿದೆ, ಮುಂದೆ ಹೇಳುತ್ತೇನೆ. ನನ್ನಂತೆಯೇ ಕೈಯಿಂದ ಖರ್ಚು ಮಾಡಿ ಇಂಥ ಪೆಟ್ಟಿಗೆ ಕೊಳ್ಳಲು ಯೋಚಿಸುತ್ತಿರುವ ಶಿಕ್ಷಕರು ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕೆಲವರಾದರೂ ಇದ್ದಾರು, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೊರಮೈ. ಪೆಟ್ಟಿಗೆ ಪ್ಲಾಸ್ಟಿಕ್ಕಿನದು, ಒಳಗೆ ಸ್ಲೈಡುಗಳನ್ನು ನಿಲ್ಲಿಸಲು ಕಚ್ಚುಗಳಿವೆ. ಕಚ್ಚು ಸ್ವಲ್ಪ ಸಡಿಲ. ಏಳನೆಯ ಸ್ಲೈಡು, ಕಪ್ಪೆಯ ರಕ್ತದ್ದು, ಮೂಲೆ ಒಡೆದು ಬಂದಿತ್ತು. ಮಾರಿದವರಿಗೆ ಫೋಟೋ ಕಳುಹಿಸಿದೆ, ಬದಲಿ ಕಳುಹಿಸುತ್ತೇವೆ ಎಂದರು. ನಾಲ್ಕು ತಿಂಗಳಾಯಿತು, ಬಂದಿಲ್ಲ. ಸ್ಲೈಡಿನ ಮೇಲಿನ ಚೀಟಿಗಳು ಇಂಗ್ಲಿಷಿನಲ್ಲಿ, ಅದೂ ಎರಡು ಕಡೆ ಅಕ್ಷರ ತಪ್ಪು. ಜೊತೆಗೆ ಬಂದ ಪುಸ್ತಿಕೆ ಎಂಟು ಪುಟದ್ದು. ಹೆಸರುಗಳ ಪಟ್ಟಿಗಿಂತ ಹೆಚ್ಚೇನೂ ಅದರಲ್ಲಿಲ್ಲ. ಏನು ನೋಡಬೇಕು, ಎಲ್ಲಿ ನೋಡಬೇಕು ಎಂದು ಒಂದು ಬಾಣದ ಗುರುತು ಕೂಡ ಇಲ್ಲ. ನಾನೇ ಕೂತು ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದೆ.

ಗಾಜು ಮಾತ್ರ ಒಳ್ಳೆಯದು. ಅಂಚುಗಳನ್ನು ತಿಕ್ಕಿ ನುಣುಪು ಮಾಡಿದ್ದಾರೆ, ಮಕ್ಕಳ ಕೈ ಕೊಯ್ಯುವುದಿಲ್ಲ. ಮೇಲಿನ ತೆಳುಗಾಜಿನಡಿಯಲ್ಲಿ ಗಾಳಿಗುಳ್ಳೆ ಕಂಡದ್ದು ಮೂರರಲ್ಲಿ ಮಾತ್ರ. ಬಣ್ಣ ಗಟ್ಟಿಯಾಗಿ ಕೂತಿದೆ.

ನಮ್ಮ ಶಾಲೆಯ ಸೂಕ್ಷ್ಮದರ್ಶಕ ಹಳೆಯದು, ಗರಿಷ್ಠ 400 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಪ್ರತಿ ಮಳೆಗಾಲದ ಆಟಿ ತಿಂಗಳಲ್ಲಿ ಅದರ ಮಸೂರಕ್ಕೆ ಬೂಸರು ಹಿಡಿಯುತ್ತದೆ, ಒರೆಸಿ ಇಡಬೇಕು. ಈ ಸ್ಲೈಡುಗಳಿಗೆ ಅದು ಧಾರಾಳ ಸಾಕು. ಮೊಬೈಲನ್ನು ಕಣ್ಣುಮಸೂರದ ಮೇಲೆ ಹಿಡಿದು ನಿಲ್ಲಿಸುವ ಕ್ಲಿಪ್ ಒಂದನ್ನು 300 ರೂಪಾಯಿಗೆ ಬೇರೆಯಾಗಿ ತರಿಸಿದೆ. ಆ ಚಿತ್ರವನ್ನು ಹೈಟೆಕ್ ತರಗತಿಯ ಪ್ರೊಜೆಕ್ಟರಿಗೆ ಸೇರಿಸಿದರೆ ಮೂವತ್ತೆಂಟು ಮಕ್ಕಳೂ ಒಂದೇ ಹೊತ್ತಿಗೆ ನೋಡಬಹುದು. ಕೊಳ್ಳುವವರು ಆ ಕ್ಲಿಪ್ಪನ್ನೂ ಕೊಳ್ಳಿ, ಇಲ್ಲದಿದ್ದರೆ ಸಾಲು ನಿಲ್ಲಿಸುವುದರಲ್ಲೇ ಪಿರಿಯಡ್ ಮುಗಿದುಹೋಗುತ್ತದೆ.

ಹದಿನಾರನೆಯದು ಈರುಳ್ಳಿ ಬೇರಿನ ತುದಿ. ಚೆನ್ನಾಗಿದೆ. ಹದಿನಾರು ವರ್ಣತಂತುಗಳು (ಡಿಎನ್ಎ ಸುತ್ತಿಟ್ಟ ಎಳೆಗಳು, ಕ್ರೋಮೋಸೋಮ್) ಇರುವ ಕೋಶ, ಎಣಿಸಲು ಹೋದರೆ ಕಣ್ಣು ಸೋಲುತ್ತದೆ, ಆದರೆ ಹಂತಗಳು ಸ್ಪಷ್ಟ. ಆದರೆ ಒಂದು ಮಾತು ಶಿಕ್ಷಕರಿಗೆ ನೆನಪಿರಬೇಕು: ಈರುಳ್ಳಿಯ ಕೋಶದಲ್ಲಿ ಸೆಂಟ್ರೋಸೋಮ್, ಅಂದರೆ ವರ್ಣತಂತುಗಳನ್ನು ಎಳೆಯುವ ಎಳೆಗಳು ಹೊರಡುವ ಚುಕ್ಕೆ, ಇಲ್ಲ. ಮನುಷ್ಯನ ಕೋಶ ಹೇಗೆ ಎರಡಾಗುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಹೇಳಬೇಕಾದರೆ ಈರುಳ್ಳಿ ಅರ್ಧ ಕತೆಯನ್ನಷ್ಟೇ ಹೇಳುತ್ತದೆ.

ಉಳಿದರ್ಧ ಹದಿನೇಳನೆಯದರಲ್ಲಿದೆ. ಬಿಳಿಮೀನು ಎಂಬ ತಣ್ಣೀರಿನ ಮೀನಿನ ಎಳೆಯ ಭ್ರೂಣದ ಸೀಳು. ಪ್ರಪಂಚದಾದ್ಯಂತ ಕೋಶ ವಿಭಜನೆ ಕಲಿಸಲು ಇದನ್ನೇ ಬಳಸುತ್ತಾರೆ; ನೋಡಿದ ಮೇಲೆ ಏಕೆಂದು ತಿಳಿಯಿತು. ಕೋಶದ ಎರಡು ಕೊನೆಗಳಲ್ಲಿ ಎರಡು ನಕ್ಷತ್ರಗಳು. ಒಂದೊಂದು ನಕ್ಷತ್ರದಿಂದಲೂ ಸಪೂರ ಎಳೆಗಳು ಹೊರಟು ನಡುವಿಗೆ ಬರುತ್ತವೆ. ನಡುವಿನಲ್ಲಿ ವರ್ಣತಂತುಗಳು ಸಾಲಾಗಿ ನಿಂತಿವೆ. ಎಳೆಗಳು ಸೇರಿ ಆಗುವ ಆಕಾರ ನೂಲುವ ಕದಿರಿನದು, ಅದಕ್ಕೇ ಕದಿರೆಳೆ ಎಂಬ ಹೆಸರು. ಪರದೆಯ ಮೇಲೆ ಆ ಚಿತ್ರ ಬಿದ್ದಾಗ ಹಿಂದಿನ ಬೆಂಚಿನಲ್ಲಿ ಸದಾ ಮಾತಾಡುವ ಹುಡುಗರೂ ಸುಮ್ಮನಾದರು. ಎರಡು ನಕ್ಷತ್ರ, ಎರಡು ಕಡೆಯ ಎಳೆತ, ಎರಡು ಮಕ್ಕಳ ಕೋಶ. ಮನುಷ್ಯನಲ್ಲಾದರೆ 46 ವರ್ಣತಂತುಗಳು ಪ್ರತಿಯೊಂದೂ ಇಬ್ಬಗೆಯಾಗಿ ಆಚೆ 46, ಈಚೆ 46. ಈ ಎಳೆದಾಟ ಮುಗಿಯಲು ಸುಮಾರು ಒಂದು ಗಂಟೆ.

ಆ ನಕ್ಷತ್ರದ ನಡುವಿನ ಚುಕ್ಕೆಯೇ ಸೆಂಟ್ರೋಸೋಮ್. ಕೋಶದಲ್ಲಿ ಅದು ಇರುವುದು ಒಂದು. ವಿಭಜನೆಗೆ ಮುಂಚೆ ಡಿಎನ್ಎ ಇಮ್ಮಡಿಯಾಗುವ ಹೊತ್ತಿಗೆ ಅದೂ ಒಂದೇ ಒಂದು ಸಲ ಇಮ್ಮಡಿಯಾಗಿ ಎರಡಾಗಬೇಕು. ಎರಡಕ್ಕಿಂತ ಹೆಚ್ಚಾಗಕೂಡದು. ಈ 'ಎರಡು' ಎಂಬುದನ್ನು ಮಕ್ಕಳ ಮನಸ್ಸಿನಲ್ಲಿ ಗಟ್ಟಿ ಮಾಡದೆ ಮುಂದಿನ ಸ್ಲೈಡಿಗೆ ಹೋಗಬೇಡಿ ಎಂಬುದು ನನ್ನ ಸಲಹೆ.

ಹದಿನೆಂಟರಿಂದ ಇಪ್ಪತ್ತೊಂದರವರೆಗೆ ನಾಯಿಯ ಸಣ್ಣಕರುಳು, ಬೆಕ್ಕಿನ ಬೆನ್ನುಹುರಿ ಮೊದಲಾದವು. ಪರವಾಗಿಲ್ಲ.

ಇಪ್ಪತ್ತೆರಡು ಪ್ಯಾಪ್ ಪರೀಕ್ಷೆಯ ಸ್ಲೈಡು. ಹೆಂಗಸರ ಗರ್ಭಕಂಠದಿಂದ, ಅಂದರೆ ಗರ್ಭಕೋಶದ ಬಾಯಿಯಿಂದ, ಮೆಲ್ಲನೆ ಕೆರೆದು ತೆಗೆದ ಕೋಶಗಳನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿದ್ದು. ಈ ಪರೀಕ್ಷೆಗೆ ಹೆಸರು ಬಂದಿರುವುದು ಅದನ್ನು ರೂಪಿಸಿದ ಗ್ರೀಸ್ ಮೂಲದ ವೈದ್ಯ ಜಾರ್ಜ್ ಪಾಪನಿಕೊಲಾವ್ ಅವರಿಂದ. ಸವರಿದ್ದು ಒಂದೇ ಪದರವಾಗಿ ಹರಡಿಕೊಂಡಿದೆ, ಒಂದರ ಮೇಲೊಂದು ಬಿದ್ದಿಲ್ಲ. ಇದನ್ನು ತಯಾರಿಸಿದವರ ಕೈ ಪಳಗಿದ ಕೈ. ಗುಲಾಬಿ ಮತ್ತು ನೀಲಿ ಹಸಿರು ಬಣ್ಣದ ಅಗಲವಾದ ಕೋಶಗಳು, ಹಪ್ಪಳ ಒಣಗಲು ಹರಡಿದ ಹಾಗೆ. ಪ್ರತಿಯೊಂದರ ನಡುವೆ ಸಾಸಿವೆಯಂಥ ಒಂದು ಕೇಂದ್ರ, ಡಿಎನ್ಎ ಇರುವ ಜಾಗ. ಚಿತ್ರವನ್ನು ನಿಧಾನವಾಗಿ ಸರಿಸುತ್ತಾ ಹೋದರೆ ಬಲ ಮೇಲ್ಮೂಲೆಯಲ್ಲಿ ಬೇರೆಯೇ ಜಾತಿಯ ಕೋಶಗಳು ಸಿಗುತ್ತವೆ. ಕೇಂದ್ರ ಉಬ್ಬಿದೆ, ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದೆ. ಅದರ ಸುತ್ತ ಏನೂ ಇಲ್ಲದ ಬಿಳಿ ಬಳೆ. ಒಂದರಲ್ಲಿ ಎರಡು ಕೇಂದ್ರಗಳು ಒತ್ತಿಕೊಂಡು ಕೂತಿವೆ. ಇಂಥ ಕೋಶಕ್ಕೆ ಕೊಯ್ಲೋಸೈಟ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ 'ಕೊಯ್ಲೋಸ್' ಎಂದರೆ ಟೊಳ್ಳು. ಮಾನವ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಒಳಹೊಕ್ಕಿರುವ ಕುರುಹು ಅದು.

"ವೈರಸ್ ಎಲ್ಲಿ ಟೀಚರ್?" ಎಂದು ಕೇಳುತ್ತಾರೆ, ತಯಾರಾಗಿರಿ. ಕಾಣುವುದಿಲ್ಲ. ಅದರ ಅಡ್ಡಳತೆ ಸುಮಾರು 55 ನ್ಯಾನೋಮೀಟರ್, ಒಂದು ಮಿಲಿಮೀಟರಿನಲ್ಲಿ ಹದಿನೆಂಟು ಸಾವಿರವನ್ನು ಸಾಲಾಗಿ ಇಡಬಹುದು. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸಿಗುವ ವಸ್ತುವಲ್ಲ. ನಾವು ನೋಡುವುದು ಅದು ಹೊಕ್ಕ ಮನೆಯ ಅವಸ್ಥೆಯನ್ನು.

ಇಲ್ಲಿಂದ ಮುಂದಿನದನ್ನು ಪುಸ್ತಿಕೆ ಹೇಳುವುದಿಲ್ಲ, ಶಿಕ್ಷಕರೇ ಹೇಳಬೇಕು. ನಾನು ಹೇಳಿದ್ದು ಹೀಗೆ. ಎಚ್‌ಪಿವಿಯ ಇಡೀ ಡಿಎನ್ಎ ಸುಮಾರು 8,000 ಅಕ್ಷರ ಜೋಡಿಗಳಷ್ಟು, ಮನುಷ್ಯನದು 300 ಕೋಟಿ. ತನ್ನ ಡಿಎನ್ಎಯನ್ನು ನಕಲು ಮಾಡುವ ಯಂತ್ರ ಅದರ ಬಳಿ ಇಲ್ಲ, ನಮ್ಮ ಕೋಶದ ಯಂತ್ರವನ್ನೇ ಬಳಸಬೇಕು. ಆದರೆ ಅದು ಮನೆ ಮಾಡಿಕೊಂಡಿರುವ ಮೇಲ್ಪದರದ ಕೋಶಗಳು ವಿಭಜನೆ ನಿಲ್ಲಿಸಿ, ಯಂತ್ರಕ್ಕೆ ಬೀಗ ಹಾಕಿ, ಉದುರಿಹೋಗಲು ಸಿದ್ಧವಾಗುತ್ತಿರುವಂಥವು. ಆ ಬೀಗ ತೆಗೆಯಲು ವೈರಸ್‌ ಬಳಿ ಎರಡು ಪುಟ್ಟ ಪ್ರೋಟೀನುಗಳಿವೆ: ಇ6 ಮತ್ತು ಇ7. ಇ7 ನೂರು ಅಮೈನೋ ಆಮ್ಲಗಳಷ್ಟೂ ಉದ್ದವಿಲ್ಲ.

ಕಿಂಡಿ ಅಣೆಕಟ್ಟು ನಮ್ಮ ಮಕ್ಕಳಿಗೆ ಗೊತ್ತು. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮಳೆಗಾಲಕ್ಕೆ ಮುಂಚೆ ಹಲಗೆ ಎತ್ತುತ್ತಾರೆ. ನಮ್ಮ ಕೋಶದಲ್ಲಿ ಆರ್‌ಬಿ ಎಂಬ ಪ್ರೋಟೀನು ಆ ಹಲಗೆ. ಇ2ಎಫ್ ಎಂಬ ಇನ್ನೊಂದನ್ನು ಅದು ತಡೆದು ನಿಲ್ಲಿಸಿಕೊಂಡಿರುತ್ತದೆ. ವಿಭಜಿಸುವ ಹೊತ್ತು ಬಂದಾಗ ಮಾತ್ರ ಕೋಶ ಹಲಗೆ ಎತ್ತುತ್ತದೆ, ಇ2ಎಫ್ ಹರಿದು ಡಿಎನ್ಎ ನಕಲಿಸುವ ಜೀನುಗಳನ್ನು ಎಬ್ಬಿಸುತ್ತದೆ. ಇ7 ಬಂದು ಆರ್‌ಬಿಗೆ ಅಂಟಿಕೊಂಡು ಹಲಗೆಯನ್ನು ಕಾಲವಲ್ಲದ ಕಾಲದಲ್ಲಿ ಕಿತ್ತುಹಾಕುತ್ತದೆ.

ಕೋಶ ಸುಮ್ಮನಿರುವುದಿಲ್ಲ. ಹೀಗೆ ಅಕಾಲದಲ್ಲಿ ನಕಲು ಶುರುವಾದರೆ ಪಿ53 ಎಂಬ ಪ್ರೋಟೀನು ಎಚ್ಚೆತ್ತು, ವಿಭಜನೆಯನ್ನು ತಡೆಯುತ್ತದೆ. ತಡೆಯಲಾಗದಿದ್ದರೆ ಆ ಕೋಶವೇ ಸಾಯುವಂತೆ ಮಾಡುತ್ತದೆ. ಒಂದು ಕೋಶ ಸತ್ತು ಮೈ ಉಳಿಯುವ ಏರ್ಪಾಡು. ಇ6ರ ಕೆಲಸ ಇಲ್ಲಿ. ಅದು ನಮ್ಮದೇ ಕೋಶದ ಇನ್ನೊಂದು ಪ್ರೋಟೀನನ್ನು ಜೊತೆಗೆ ಕರೆದುಕೊಂಡು ಹೋಗಿ ಪಿ53ಕ್ಕೆ 'ಇದು ಕಸ' ಎಂಬ ಗುರುತು ಅಂಟಿಸುತ್ತದೆ. ಹರಿತ ಕರ್ಮ ಸೇನೆಯವರು ತಿಂಗಳಿಗೊಮ್ಮೆ ಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರಲ್ಲ, ಆ ಚೀಲಕ್ಕೆ ಯಾರೋ ಮನೆಯ ಹಕ್ಕುಪತ್ರವನ್ನೇ ತುಂಬಿದ ಹಾಗೆ. ಕೋಶದ ಕಸ ಅರೆಯುವ ಯಂತ್ರ ಪ್ರಶ್ನೆ ಕೇಳದೆ ಪಿ53ನ್ನು ಅರೆದುಹಾಕುತ್ತದೆ. ಹಲಗೆಯೂ ಹೋಯಿತು, ಕಾವಲೂ ಹೋಯಿತು.

ಇಷ್ಟು ಹೇಳಿ ಇಪ್ಪತ್ತಮೂರನೆಯ ಸ್ಲೈಡನ್ನು ಇಡಬೇಕು. ಗರ್ಭಕಂಠದ ಕ್ಯಾನ್ಸರಿನ ಸೀಳು, ನೇರಳೆ ಮತ್ತು ಗುಲಾಬಿ ಬಣ್ಣದ್ದು. ಮೇಲುನೋಟಕ್ಕೆ ಗೊಂದಲ, ಪದರಗಳಿಲ್ಲ, ಅಳತೆಯಿಲ್ಲ, ಒಂದು ಕೇಂದ್ರ ಸಣ್ಣದು, ಪಕ್ಕದ್ದು ಅದರ ಮೂರು ಪಟ್ಟು. ಪುಸ್ತಿಕೆಯಲ್ಲಿ ಇದಕ್ಕೆ ಒಂದು ಸಾಲು. ನಾನು ಹುಡುಕುತ್ತಿದ್ದದ್ದು ಒಂದೇ ವಸ್ತು. ಮೂರು ಸಂಜೆ, ಮನೆಯ ಜಗಲಿಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು, ಗದ್ದೆ ಉಳುವವರು ಸಾಲು ಹಿಡಿಯುವಂತೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸ್ಲೈಡನ್ನು ಸರಿಸಿದೆ. ಎರಡನೆಯ ಸಂಜೆ ಕರೆಂಟು ಹೋಗಿ ಕೈಬಿಟ್ಟೆ. ಮೂರನೆಯ ಸಂಜೆ ಏಳೂಕಾಲಕ್ಕೆ ಸಿಕ್ಕಿತು.

ಮೂರು ರೆಕ್ಕೆಯ ಸೀಲಿಂಗ್ ಫ್ಯಾನನ್ನು ಕೆಳಗಿನಿಂದ ನೋಡಿದ ಹಾಗೆ. ವರ್ಣತಂತುಗಳು ಒಂದು ನೇರ ಸಾಲಿನಲ್ಲಿ ನಿಲ್ಲದೆ ಮೂರು ಕವಲಾಗಿ ನಿಂತಿದ್ದವು, ಕಡು ನೇರಳೆ ಬಣ್ಣದಲ್ಲಿ. ಅಂದರೆ ಆ ಕೋಶದಲ್ಲಿ ಎಳೆಯುವ ಧ್ರುವಗಳು, ಹದಿನೇಳನೆಯದರಲ್ಲಿ ಕಂಡ ಆ ನಕ್ಷತ್ರಗಳು, ಎರಡಲ್ಲ, ಮೂರು. ಕವಲುಗಳ ಅಂಚು ಹಿಂಜಿದ ಹತ್ತಿಯಂತೆ. ಒಂದು ಕವಲಿನ ತುದಿಯಿಂದ ಸ್ವಲ್ಪ ದೂರದಲ್ಲಿ ಯಾರ ಎಳೆಗೂ ಸಿಗದ ಒಂದು ಚುಕ್ಕೆ, ಹಿಂದುಳಿದ ವರ್ಣತಂತು. ಪುಸ್ತಕದ ಪುಟದಲ್ಲಿ ಎಷ್ಟೋ ಸಲ ನೋಡಿದ್ದ ಚಿತ್ರ. ಆದರೆ ಇದು ಯಾರೋ ಒಬ್ಬ ಹೆಂಗಸಿನ ಮೈಯೊಳಗೆ ಒಂದು ದಿನ ನಿಜವಾಗಿ ನಡೆದದ್ದು. ಬಣ್ಣದಲ್ಲಿ ನಿಂತುಹೋಗಿರುವ ಆ ಗಂಟೆಯನ್ನು ನೋಡುತ್ತಾ ಬಹಳ ಹೊತ್ತು ಕೂತೆ.

ಇಂಥ ಮೂರನೆಯ ಧ್ರುವ ಬರುವುದು ಇ7ರಿಂದ ಎಂದು 2000ದ ಆಸುಪಾಸಿನಲ್ಲಿ ಸ್ಟೆಫಾನ್ ಡ್ಯೂನ್ಸಿಂಗ್ ಮತ್ತು ಕಾರ್ಲ್ ಮುಂಗರ್ ಎಂಬ ವಿಜ್ಞಾನಿಗಳು ತೋರಿಸಿದರು. ಇ7 ಇರುವ ಕೋಶದಲ್ಲಿ ಸೆಂಟ್ರೋಸೋಮ್ ಒಂದು ಸಲ ಇಮ್ಮಡಿಯಾಗಿ ನಿಲ್ಲುವುದಿಲ್ಲ, ಹೆಚ್ಚು ಹೆಚ್ಚು ಹುಟ್ಟುತ್ತದೆ. ಮೂರು ಕಡೆ, ನಾಲ್ಕು ಕಡೆ ನಕ್ಷತ್ರಗಳು. ಇದರ ಬೇರು ಇನ್ನೂ ಹಳೆಯದು. ಜರ್ಮನಿಯ ಜೀವವಿಜ್ಞಾನಿ ಥಿಯೋಡರ್ ಬೊವೆರಿ 1902ರಲ್ಲೇ ಕಡಲ ಮುಳ್ಳುಚೆಂಡಿನ ಒಂದು ಮೊಟ್ಟೆಗೆ ಎರಡು ವೀರ್ಯಾಣು ಹೊಕ್ಕರೆ ಏನಾಗುತ್ತದೆಂದು ನೋಡಿದ್ದರು. ಧ್ರುವಗಳು ಹೆಚ್ಚಾಗಿ, ವರ್ಣತಂತುಗಳು ಅಡ್ಡಾದಿಡ್ಡಿ ಹಂಚಿಹೋಗಿ, ಭ್ರೂಣ ಕೆಡುತ್ತಿತ್ತು. 1914ರಲ್ಲಿ ಅವರು ಕ್ಯಾನ್ಸರಿನ ಮೂಲವೂ ಇಂಥ ತಪ್ಪು ಹಂಚಿಕೆಯೇ ಇರಬೇಕೆಂದು ಬರೆದರು. ಆಗ ವೈರಸ್ಸಿನ ರೂಪವನ್ನು ಯಾರೂ ಕಂಡಿರಲಿಲ್ಲ.

ತರಗತಿಯಲ್ಲಿ ಇದನ್ನು ಬಾಯಿಮಾತಿನಲ್ಲಿ ಹೇಳದೆ ಅಂಗಳಕ್ಕೆ ಕರೆದೊಯ್ದೆ. ಓಣಂ ಹಬ್ಬದ ಹಗ್ಗಜಗ್ಗಾಟಕ್ಕೆಂದು ತಂದಿದ್ದ ಹಗ್ಗ ಇತ್ತು. ಮೊದಲು ಎರಡು ತಂಡ, ನಡುವೆ ಹಗ್ಗಕ್ಕೆ ಕಟ್ಟಿದ ಜೋಡಿ ರಿಬ್ಬನ್ನುಗಳು. ಗಂಟು ಬಿಚ್ಚಿಕೊಂಡಾಗ ಒಂದು ಆಚೆ, ಒಂದು ಈಚೆ. ಮತ್ತೆ ಹಗ್ಗದ ನಡುವಿಗೆ ಇನ್ನೊಂದು ಹಗ್ಗ ಬಿಗಿದು ಮೂರನೆಯ ತಂಡವನ್ನು ಬಾವಿಕಟ್ಟೆಯ ಕಡೆಗೆ ನಿಲ್ಲಿಸಿದೆ. ಸೀಟಿ ಊದಿದಾಗ ರಿಬ್ಬನ್ನುಗಳು ಒಂದು ಕಡೆಗೆ ಐದು, ಇನ್ನೊಂದು ಕಡೆಗೆ ಎರಡು, ಮತ್ತೊಂದಕ್ಕೆ ಒಂದೂ ಇಲ್ಲ. ಎರಡು ಮಣ್ಣಿಗೆ ಬಿದ್ದವು. ಬಿದ್ದದ್ದನ್ನು ಹೆಕ್ಕಿ ಹಿಡಿದುಕೊಂಡು ಒಬ್ಬಳು ಕೇಳಿದಳು: "ಒಂದೂ ಸಿಗದ ಕೋಶ ಸಾಯುವುದಿಲ್ಲವೇ ಟೀಚರ್? ಎಲ್ಲ ಸತ್ತರೆ ಕ್ಯಾನ್ಸರ್ ಹೇಗೆ ಬಂತು?"

ಇಪ್ಪತ್ತೊಂದು ವರ್ಷದಲ್ಲಿ ನನಗೆ ಬಂದ ಅತ್ಯುತ್ತಮ ಪ್ರಶ್ನೆಗಳಲ್ಲಿ ಅದು ಒಂದು. ಹೌದು, ಮೂರಾಗಿ ಹರಿದ ಕೋಶಗಳು ಬಹುಪಾಲು ಸಾಯುತ್ತವೆ. ಬದುಕುವುದು ಹೆಚ್ಚುವರಿ ಧ್ರುವಗಳನ್ನು ಹೇಗೋ ಒಟ್ಟು ಮಾಡಿಕೊಂಡು ಎರಡು ಕಡೆಗೇ ಎಳೆದುಕೊಂಡವು. ಆದರೂ ಎಳೆಗಳು ತಪ್ಪಾಗಿ ಸಿಕ್ಕಿಕೊಂಡಿರುತ್ತವೆ, ಒಂದೆರಡು ವರ್ಣತಂತು ಹೆಚ್ಚು ಕಡಿಮೆಯಾಗುತ್ತದೆ. ಸಾಮಾನ್ಯ ಕೋಶವಾದರೆ ಪಿ53 ಅದನ್ನು ಮುಂದಕ್ಕೆ ಬಿಡುತ್ತಿರಲಿಲ್ಲ. ಇಲ್ಲಿ ತಡೆಯುವವರಿಲ್ಲ. ತಪ್ಪಿನ ಮೇಲೆ ತಪ್ಪು ಕೂಡುತ್ತಾ ಹತ್ತು, ಇಪ್ಪತ್ತು ವರ್ಷ ಹೋಗುತ್ತದೆ. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಹೆಂಗಸು 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳನ್ನು ಕೇಳದೆ ತೆಗೆದಿಟ್ಟ ಕೋಶಗಳು ಹೀಲಾ ಎಂಬ ಹೆಸರಿನಲ್ಲಿ ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಅವುಗಳಲ್ಲಿ ಎಚ್‌ಪಿವಿ 18ರ ಇ6, ಇ7 ಜೀನುಗಳು ಈಗಲೂ ಇವೆ. ವರ್ಣತಂತುಗಳು 46 ಅಲ್ಲ, 76ರಿಂದ 80.

ಕ್ಯಾನ್ಸರಿನಿಂದ ವೈರಸ್ಸಿಗೆ ಯಾವ ಲಾಭವೂ ಇಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಸೋಂಕು ತಗಲಿದ ಬಹುಪಾಲು ಹೆಂಗಸರ ಮೈ ಒಂದೆರಡು ವರ್ಷದಲ್ಲಿ ತಾನಾಗಿಯೇ ಅದನ್ನು ಹೊರಹಾಕುತ್ತದೆ. ಕೆಲವರಲ್ಲಿ ಮಾತ್ರ ಉಳಿದುಕೊಂಡು, ವೈರಸ್ಸಿನ ಡಿಎನ್ಎ ತುಂಡಾಗಿ ನಮ್ಮ ವರ್ಣತಂತುವಿನೊಳಗೆ ಹೊಕ್ಕು ಕೂರುತ್ತದೆ. ಹಾಗೆ ತುಂಡಾಗುವಾಗ ಇ6, ಇ7ರನ್ನು ಹದ್ದಿನಲ್ಲಿಟ್ಟಿದ್ದ, ವೈರಸ್ಸಿನದೇ ಆದ ಇ2 ಎಂಬ ಜೀನು ಒಡೆದುಹೋಗುವುದುಂಟು. ಆಮೇಲೆ ಅಂಕೆಯಿಲ್ಲ. ಹೊಸ ವೈರಸ್ ಹುಟ್ಟುವುದೂ ನಿಲ್ಲುತ್ತದೆ.

ಕ್ಯಾನ್ಸರ್ ತರಬಲ್ಲ ಬೇರೆ ವೈರಸ್ಸುಗಳ ಬಗ್ಗೆ ಈ ಪೆಟ್ಟಿಗೆಯಲ್ಲಿ ಒಂದೂ ಸ್ಲೈಡಿಲ್ಲ, ಅದು ಕೊರತೆ. ಹೆಪಟೈಟಿಸ್ ಬಿ ಹೊಕ್ಕ ಯಕೃತ್ತಿನ ಒಂದು ಸೀಳಾದರೂ ಇರಬೇಕಿತ್ತು. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಚುಚ್ಚುವ ಲಸಿಕೆ ಯಾವ ಕ್ಯಾನ್ಸರನ್ನು ತಡೆಯುತ್ತದೆ ಎಂದು ತೋರಿಸಬಹುದಿತ್ತು. ಎಪ್‌ಸ್ಟೀನ್-ಬಾರ್ ವೈರಸ್ ತನ್ನ ಡಿಎನ್ಎಯನ್ನು ಒಂದು ಪ್ರೋಟೀನಿನಿಂದ ನಮ್ಮ ವರ್ಣತಂತುವಿಗೆ ಕಟ್ಟಿಕೊಂಡು, ವಿಭಜನೆಯಾದಾಗ ಜೊತೆಗೇ ಎರಡೂ ಮನೆಗೆ ಹೋಗುತ್ತದೆ. ಎಚ್‌ಟಿಎಲ್‌ವಿ-1 ಎಂಬುದರ ಟ್ಯಾಕ್ಸ್ ಪ್ರೋಟೀನು, ಎಲ್ಲ ವರ್ಣತಂತುಗಳಿಗೂ ಎಳೆ ಸಿಕ್ಕಿತೇ ಎಂದು ಕಾಯುವ ತಪಾಸಣೆಯನ್ನೇ ಕೆಡಿಸುತ್ತದೆ. ಇವನ್ನು ಮಾತಿನಲ್ಲಿ ಹೇಳಿ ಮುಂದೆ ಹೋದೆ.

ಎಣ್ಮಕಜೆ ಕಡೆಯಿಂದ ಬರುವ ಹುಡುಗನೊಬ್ಬ ತರಗತಿ ಮುಗಿದ ಮೇಲೆ ಉಳಿದ. "ಇದೂ ಎಂಡೋಸಲ್ಫಾನಿನಿಂದಲೇ ಬರುವುದಲ್ಲವೇ?" ಎಂದ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಆ ಕೀಟನಾಶಕ ವಿಷದ ನೆರಳು ನಮ್ಮ ಊರಿನ ಪ್ರತಿ ಕಾಯಿಲೆಯ ಮಾತಿನ ಮೇಲೂ ಬೀಳುತ್ತದೆ. ಬೀಳುವುದು ಸಹಜ, ಅದಕ್ಕೆ ತುತ್ತಾದ ಮನೆಗಳನ್ನು ನಾನು ನೋಡಿದ್ದೇನೆ. ಅವನಿಗೆ ಹೇಳಿದೆ: ಆ ನೋವು ನಿಜ, ಅದರ ನ್ಯಾಯವನ್ನು ಕೇಳುತ್ತಲೇ ಇರೋಣ. ಆದರೆ ಗರ್ಭಕಂಠದ ಕ್ಯಾನ್ಸರಿಗೆ ಬಹುತೇಕ ಪ್ರತಿಯೊಂದು ಸಲವೂ ಕಾರಣ ಈ ವೈರಸ್. ಅದರಲ್ಲಿ 16 ಮತ್ತು 18 ಎಂಬ ಎರಡು ಬಗೆಗಳೇ ನೂರಕ್ಕೆ ಸುಮಾರು 70ಕ್ಕೆ ಹೊಣೆ. ಇದಕ್ಕೆ ಲಸಿಕೆ ಇದೆ. ಅವನು "ನಮ್ಮ ಅಕ್ಕನಿಗೆ ಹದಿಮೂರು" ಎಂದಷ್ಟೇ ಹೇಳಿ ಬಸ್ಸಿಗೆ ಓಡಿದ. ಮನೆಯಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಅವನ ತಂಗಿ ಅವಳು ಎಂದು ಆಮೇಲೆ ತಿಳಿಯಿತು.

ಈಗ ನನ್ನ ಕಾರಣ. 2009ರಲ್ಲಿ ನನ್ನ ಚಿಕ್ಕಮ್ಮ ಈ ಕಾಯಿಲೆಯಿಂದ ತೀರಿಕೊಂಡರು, 51 ವರ್ಷಕ್ಕೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿತ್ತು. ಏಳು ತಿಂಗಳು ಯಾರಿಗೂ ಹೇಳದೆ ಬಟ್ಟೆ ಒಗೆದು ಅಡಕೆ ಚಪ್ಪರದ ಹಿಂದೆ ಒಣಗಿಸುತ್ತಿದ್ದರು. ಮಂಗಳೂರಿಗೆ ಕರೆದೊಯ್ಯುವಾಗ ಹೊತ್ತು ಮೀರಿತ್ತು. ಎಚ್‌ಪಿವಿಯೇ ಈ ಕ್ಯಾನ್ಸರಿನ ಕಾರಣವೆಂದು ತೋರಿಸಿದ ಜರ್ಮನಿಯ ಹರಾಲ್ಡ್ ಸುರ್ ಹೌಸೆನ್ ಅವರಿಗೆ ನೊಬೆಲ್ ಬಂದದ್ದು ಅದರ ಹಿಂದಿನ ವರ್ಷ, 2008ರಲ್ಲಿ. ಆ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ, ಕತ್ತರಿಸಿ ಶಾಲೆಯ ಸೂಚನಾ ಫಲಕಕ್ಕೆ ಅಂಟಿಸಿದ್ದೆ. ಮನೆಯ ಹೆಂಗಸರಿಗೆ ಹೇಳಿರಲಿಲ್ಲ. ಹೇಳುವ ಮಾತು ಅದು ಎಂದೇ ತೋಚಿರಲಿಲ್ಲ.

ಆದ್ದರಿಂದ ಆಗಸ್ಟಿನಲ್ಲಿ ರಕ್ಷಕರ ಸಭೆಯ ದಿನ ಸೂಕ್ಷ್ಮದರ್ಶಕವನ್ನು ಸಭಾಂಗಣದ ಬಾಗಿಲಲ್ಲೇ ಇಟ್ಟೆ. ಮೂರು ಸ್ಲೈಡುಗಳು ಮಾತ್ರ: ಹದಿನೇಳು, ಇಪ್ಪತ್ತೆರಡು, ಇಪ್ಪತ್ತಮೂರು. ಬಂದ ತಾಯಂದಿರಲ್ಲಿ ತುಳುವಿನವರು, ಮಲಯಾಳದವರು, ಬ್ಯಾರಿಯವರು, ಮರಾಠಿಯವರು ಎಲ್ಲರೂ ಇದ್ದರು. ಅರ್ಬುದ ಎಂಬ ಮಾತು ಕನ್ನಡಕ್ಕೂ ಮಲಯಾಳಕ್ಕೂ ಒಂದೇ. ಬಾಯಲ್ಲಿ ಮಾತ್ರ ಯಾರೂ ಹೇಳುವುದಿಲ್ಲ, 'ಆ ಕಾಯಿಲೆ' ಎನ್ನುತ್ತಾರೆ. ಮಕ್ಕಳೇ ವಿವರಿಸಿದರು. ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಇದು ಹೊಸದಾಗಿ ಬಂತು, ಸುಮಾರು 80 ಸಾವಿರ ಮಂದಿ ಸತ್ತರು ಎಂಬ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮೇಜಿಗೆ ಅಂಟಿಸಿದ್ದೆ. ಅದನ್ನು ಹೆಚ್ಚು ಜನ ಓದಲಿಲ್ಲ. ಎಲ್ಲರೂ ಕಣ್ಣಿಟ್ಟು ನೋಡಿದ್ದು ಗಾಜನ್ನು.

ಲಸಿಕೆಯ ಬಗ್ಗೆ ಕೇಳಿದವರಿಗೆ ತಿಳಿದಷ್ಟು ಹೇಳಿದೆ. 9ರಿಂದ 14 ವರ್ಷದೊಳಗೆ ಕೊಡುವುದು ಉತ್ತಮ, ಸೋಂಕು ತಗಲುವ ಮುಂಚೆ ಕೊಡಬೇಕಾದ ಲಸಿಕೆ ಇದು. ಅದರೊಳಗೆ ವೈರಸ್ಸಿನ ಹೊರಚಿಪ್ಪು ಮಾತ್ರ ಇರುತ್ತದೆ. ಡಿಎನ್ಎ ಇಲ್ಲ, ಇ6 ಇಲ್ಲ, ಇ7 ಇಲ್ಲ, ಆದ್ದರಿಂದ ಅದರಿಂದ ಕಾಯಿಲೆ ಬರಲು ಸಾಧ್ಯವಿಲ್ಲ. ಪುಣೆಯ ಸೀರಂ ಸಂಸ್ಥೆಯ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ಸ್ಕಾಟ್ಲೆಂಡಿನಲ್ಲಿ ಹನ್ನೆರಡು ಹದಿಮೂರನೇ ವಯಸ್ಸಿನಲ್ಲಿ ಪೂರ್ತಿ ಲಸಿಕೆ ಪಡೆದ ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಗರ್ಭಕಂಠದ ಕ್ಯಾನ್ಸರ್ ಕಂಡಿಲ್ಲ ಎಂದು 2024ರಲ್ಲಿ ವರದಿಯಾಯಿತು. ತಾಯಂದಿರಿಗೆ ಬೇಕಾದದ್ದು ತಪಾಸಣೆ. 30 ದಾಟಿದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆ ಸರಕಾರದ ಕಾರ್ಯಕ್ರಮದಲ್ಲೇ ಇದೆ.

ಪೆಟ್ಟಿಗೆಗೆ ಮರಳುತ್ತೇನೆ. ಕಾಲೇಜಿನವರಿಗೆ ಇದು ಸಾಲದು, ರೋಗಶಾಸ್ತ್ರದ್ದೇ ಬೇರೆ ಸಂಗ್ರಹ ಸಿಗುತ್ತದೆ. ಐದನೇ ಆರನೇ ತರಗತಿಗೆ ಅಗತ್ಯವಿಲ್ಲ, ಈರುಳ್ಳಿ ಸಿಪ್ಪೆ ಸಾಕು. ಎಂಟರಿಂದ ಹತ್ತನೆಯವರೆಗೆ ಕಲಿಸುವವರು ಖಂಡಿತ ಕೊಳ್ಳಿ. ಕೊಳ್ಳುವ ಮುಂಚೆ ಮಾರುವವರಿಗೆ ಫೋನ್ ಮಾಡಿ ಪ್ಯಾಪ್ ಸ್ಲೈಡೂ ಗರ್ಭಕಂಠದ ಸೀಳೂ ಇವೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಸಂಗ್ರಹದಿಂದ ಸಂಗ್ರಹಕ್ಕೆ ಸ್ಲೈಡುಗಳು ಬದಲಾಗುತ್ತವೆ. ಮೂರು ಧ್ರುವದ ಕೋಶ ಪ್ರತಿಯೊಂದು ಸೀಳಿನಲ್ಲೂ ಸಿಗುತ್ತದೆಂದು ಭರವಸೆ ಕೊಡಲಾರೆ. ತಾಳ್ಮೆಯಿಂದ ಹುಡುಕಿ, ಸಿಕ್ಕಿದ ಕೂಡಲೇ ಗಾಜಿನ ಹಿಂಬದಿಗೆ ಶಾಯಿಯ ಚುಕ್ಕೆ ಇಡಿ. ನಾನು ಇಡದೆ ಮರುದಿನ ಮತ್ತೆ ಒಂದು ಗಂಟೆ ಹುಡುಕಿದೆ. ನಮ್ಮ ಮಳೆಗಾಲಕ್ಕೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಸ್ಲೈಡುಗಳು ಮಲಗಿರುವಂತೆ ಪೆಟ್ಟಿಗೆಯನ್ನು ನಿಲ್ಲಿಸಿ ಇಡಿ. ಸ್ಲೈಡುಗಳಿಗೆ ಐದರಲ್ಲಿ ನಾಲ್ಕೂವರೆ, ಪುಸ್ತಿಕೆಗೆ ಒಂದು, ಮಾರಿದವರ ಸೇವೆಗೆ ಎರಡು.

ಸಭೆಯ ದಿನ ಎಲ್ಲರೂ ಹೊರಟ ಮೇಲೆ ಒಬ್ಬ ತಾಯಿ ಹಿಂದಿರುಗಿ ಬಂದರು. ಕನ್ನಡಕ ತೆಗೆದು ಮತ್ತೊಮ್ಮೆ ಕಣ್ಣಿಟ್ಟರು. ಇಪ್ಪತ್ತಮೂರನೆಯದು. ನಾನು ತಿರುಪನ್ನು ಸರಿಹೊಂದಿಸಿ ಕೊಟ್ಟೆ. ಬಹಳ ಹೊತ್ತು ನೋಡಿ, ತಲೆ ಎತ್ತದೆಯೇ ಮೆಲ್ಲನೆ ಕೇಳಿದರು: "ಆ ಆಮ್ಲ ಹಚ್ಚುವ ಪರೀಕ್ಷೆಗೆ ಯಾವ ದಿನ ಹೋಗಬೇಕು ಟೀಚರೇ? ನೀವೂ ಜೊತೆಗೆ ಬರುತ್ತೀರಾ?"

ಮುಂದಿನ ಮಂಗಳವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ ಹೋದೆವು. ಅವರ ನಂತರ ನಾನೂ ಮಾಡಿಸಿಕೊಂಡೆ.